ಬಂದು ಹೋಗುವ ಹಳದಿ ದೀಪ

ಒಗೆದ ಹೊದಿಕೆಯ ಒಂದು ತುದಿ ನನ್ನ ಕೈಲಿ, ಇನ್ನೊಂದು ನಮ್ಮವರ ಕೈಲಿ. ಇಬ್ಬರೂ ಹಿಂಡುತ್ತಿದ್ದೆವು. ನೀರು ಇನ್ನೂ ಧಾರೆಯಾಗಿ ಇಳಿಯುತ್ತಿತ್ತು. ಆಗ ಅವರು ಎತ್ತಲೋ ನೋಡುತ್ತಾ, "ಹೇಳೋದೇ ಮರ್ತೆ. ದೀಪ ಮತ್ತೆ ಬಂತು ಕಣೇ," ಎಂದರು.

ನನ್ನ ಕೈಲಿದ್ದ ತುದಿ ಜಾರಿ ಕೆಸರಿಗೆ ಬಿತ್ತು.

"ಯಾವಾಗ್ರೀ?"

"ಬೆಳಿಗ್ಗೆ, ಗೇಟಿನೊಳಗೆ ತಿರುಗಿಸೋವಾಗ. ಆಫ್ ಮಾಡಿ ಸ್ಟಾರ್ಟ್ ಮಾಡಿದೆ, ಹೋಯ್ತು. ಸಾಧು ಗಾಡಿ, ಪಾಪ."

ಪಾಪವಂತೆ! ನನ್ನ ಪ್ರಾಣ ಹಿಂಡುತ್ತಿದ್ದುದೇ ಆ ಸಾಧು ಗಾಡಿ. ಆ ಕಾರಿನ ಹಳದಿ ಎಬಿಎಸ್ ದೀಪ ಹತ್ತಿತೆಂದರೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಯಂತ್ರ ಕೈಕೊಟ್ಟಿದೆ ಎಂದರ್ಥ. ನಮ್ಮ ಊರಿನ ಮಟ್ಟಸ ಬೀದಿಗೆ ಅದಿಲ್ಲದಿದ್ದರೂ ನಡೆದೀತು. ಆದರೆ ಗಾಡಿಯನ್ನು ನಾನು ನನ್ನ ತಂಗಿಗೆ ಕೊಡುತ್ತೇನೆ ಎಂದುಬಿಟ್ಟಿದ್ದೆ. ಅವಳ ಮನೆ ಇರುವುದು ಗುಡ್ಡದ ನೆತ್ತಿಯಲ್ಲಿ. ಕಾಲು ಬಿದ್ದುಹೋದ ಗಂಡನನ್ನು ಕೂರಿಸಿಕೊಂಡು ವಾರವಾರವೂ ಆ ತಿರುವುಗಳಲ್ಲಿ ಆಸ್ಪತ್ರೆಗೆ ಇಳಿಯಬೇಕು. ಕಿವಿ ಮಂದವಾದ ಮೇಲೆ ಅವಳು ಫೋನು ಮುಟ್ಟುವುದಿಲ್ಲ, ಏನಿದ್ದರೂ ಕಾಗದವೇ. "ಕೊಡೋದಾದ್ರೆ ಕೊಡಕ್ಕಾ, ಇಲ್ಲಾಂದ್ರೆ ಇಲ್ಲ ಅನ್ನು, ಬೇರೆ ದಾರಿ ನೋಡ್ತೀನಿ. ಕಾಯಿಸಿ ಕೊಲ್ಲಬೇಡ," ಎಂದು ಬರೆದು ಎಷ್ಟೋ ಕಾಲವಾಗಿತ್ತು. ಹೂಂ ಎನ್ನಲು ಭಯ, ಊಹೂಂ ಎನ್ನಲು ಮನಸ್ಸಿಲ್ಲ. ಉತ್ತರ ಬರೆಯದೆ ಕೂತಿದ್ದೆ.

ಗ್ಯಾರೇಜಿನವನನ್ನು ನಮ್ಮ ಬೀದಿಯವರೆಲ್ಲ ನಾಳೆ ಮೇಸ್ತ್ರಿ ಎನ್ನುತ್ತಾರೆ. ಏನು ಕೇಳಿದರೂ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ಅಂದೇ ಇಬ್ಬರೂ ಗಾಡಿಯನ್ನು ಅವನಲ್ಲಿಗೆ ಒಯ್ದೆವು. ದೋಷ ಓದುವ ತನ್ನ ಯಂತ್ರವನ್ನು ಅದಕ್ಕೆ ಸಿಕ್ಕಿಸಿ ನೋಡಿದ.

"ಮುಂದಿನ ಬಲಗಡೆ ಚಕ್ರದ ಸೆನ್ಸರ್ ಅಂತಿದೆ ಅಮ್ಮಾ. ಹೋದ್ಸಲಾನೂ ಅದೇ ಅಂದಿತ್ತು. ವೈರ್ ಸಮೇತ ಹೊಸದು ಹಾಕಿದ್ದೀನಿ. ಸೆನ್ಸರ್ ಅಂದ್ರೆ ಗಾಜಿನ ಬಳೆನಾ, ಹಾಕ್ದಾಗೆಲ್ಲಾ ಒಡೆಯೋಕೆ?"

"ನನ್ನ ಕೇಳ್ತೀಯಲ್ಲೋ ತಮ್ಮಾ, ಮೇಸ್ತ್ರಿ ನೀನಾ ನಾನಾ?"

"ಇಲ್ಲಿ ನಿಂತ್ರೆ ದೀಪಾನೇ ಬರಲ್ಲ. ವೈದ್ಯರ ಮುಂದೆ ಕೆಮ್ಮದ ಮಗು ಇದು. ಏನು ಮಾಡ್ಲಿ ಹೇಳಿ?"

"ಮನೆ ಗೇಟಿಗೆ ಬಾ. ಅದು ಕೆಮ್ಮೋದು ಅಲ್ಲಿ."

"ನಾಳೆ ಬರ್ತೀನಿ."

"ನಿನ್ನ ನಾಳೆಗೆ ಬೆಂಕಿ ಹಾಕ! ಈಗ್ಲೇ ಹತ್ತು."

ಗೊಣಗುತ್ತಲೇ ಹತ್ತಿದ. ನಮ್ಮ ಗೇಟು ಇಕ್ಕಟ್ಟು, ಸ್ಟೀರಿಂಗನ್ನು ಎಡಕ್ಕೆ ಕೊನೆತನಕ ತಿರುಗಿಸದೆ ಗಾಡಿ ಒಳಗೆ ಬಾರದು. ನಮ್ಮವರು ಹಾಗೇ ತಿರುಗಿಸಿದರು. ಹತ್ತಿತು ನೋಡಿ ದೀಪ!

"ಹಾಗೇ ಹಿಡ್ಕೊಳ್ಳಿ ಯಜಮಾನ್ರೇ, ಬಿಡಬೇಡಿ!" ಎನ್ನುತ್ತಾ ಮೇಸ್ತ್ರಿ ಚಕ್ರದ ಪಕ್ಕ ಮಲಗಿ ಟಾರ್ಚ್ ಬಿಟ್ಟ. ಕತ್ತು ಚಾಚಿ ಒಳಗೆಲ್ಲ ಇಣುಕಿದ. ಆಮೇಲೆ, "ಅಮ್ಮಾ, ಇಲ್ಲಿ ಬನ್ನಿ. ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?"

ಬಗ್ಗಿ ನೋಡಿದೆ. ಚಕ್ರದ ಹಿಂದಿನ ಸಣ್ಣ ವೈರನ್ನು ಸೆಣಬಿನ ದಾರದಿಂದ ಬಿಗಿದು ಸ್ಪ್ರಿಂಗಿನ ಪಕ್ಕದ ಕಂಬಿಗೆ ಕಟ್ಟಿತ್ತು. ಗಂಟಿನ ಬಾಲವನ್ನು ಒಳಗೆ ಸಿಕ್ಕಿಸಿದ ರೀತಿ ಕಂಡಕೂಡಲೇ ಕಟ್ಟಿದವರು ಯಾರೆಂದು ಗೊತ್ತಾಗಿಹೋಯಿತು. ನಮ್ಮವರು ಆಯುಷ್ಯವೆಲ್ಲ ಲಾರಿ ಆಫೀಸಿನಲ್ಲಿ ಪಾರ್ಸೆಲ್ ಕಟ್ಟಿದವರು. ಜೋತಾಡುವ ಯಾವುದನ್ನು ಕಂಡರೂ ಅವರ ಕೈ ಸುಮ್ಮನಿರದು. ನಮ್ಮ ಮನೆಯ ಪರದೆಗೆ ಆ ಗಂಟು, ನಲ್ಲಿಯ ಪೈಪಿಗೆ ಆ ಗಂಟು, ನನ್ನ ಕನ್ನಡಕದ ದಾರಕ್ಕೂ ಅದೇ ಗಂಟು.

"ರೀ! ಇಳೀರಿ ಕೆಳಗೆ!"

ಇಳಿದರು. ಮುಖದಲ್ಲಿ ಅಪರಾಧಿಯ ಲಕ್ಷಣವೇ ಇಲ್ಲ. "ಜೋತಾಡ್ತಿತ್ತಪ್ಪ. ಕಲ್ಲಿಗೋ ಮುಳ್ಳಿಗೋ ಸಿಕ್ಕಿ ಹರಿದ್ರೆ? ಹಳೇದಕ್ಕೂ ನಾನೇ ಕಟ್ಟಿದ್ದೆ. ಇವನು ಹೊಸದು ಹಾಕಿ ಕಟ್ಟೋದೇ ಮರ್ತಿದ್ದ. ಪಾಪ, ಕೆಲಸದ ಗಡಿಬಿಡಿ ಅಂತ ನಾನೇ ಕಟ್ಟಿದೆ."

ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ನೆಲದಲ್ಲೇ ಕೂತ. "ಚಕ್ರ ತಿರುಗಿದಾಗ ವೈರೂ ಜೊತೆಗೆ ಹೋಗ್ಲಿ ಅಂತ್ಲೇ ಸಡಿಲ ಬಿಟ್ಟಿರೋದು ಯಜಮಾನ್ರೇ! ಹೊರಗಿನ ಸಿಪ್ಪೆ ನೆಟ್ಟಗಿದೆ, ಒಳಗಿನ ತಂತಿ ತುಂಡಾಗಿದೆ. ಎಳೆದ್ರೆ ಬಿಡುತ್ತೆ, ಸಡಿಲ ಆದ್ರೆ ಮತ್ತೆ ತಾಗುತ್ತೆ. ಎರಡು ಸೆನ್ಸರ್ ನುಂಗಿದ್ರಲ್ಲಾ!"

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?" ಎಂದೆ.

"ನೀವಿಬ್ರೂ ಕೇಳ್ಲಿಲ್ಲ," ಎಂದರು.

ಅವರ ಕೈ ಎರಡನ್ನೂ ಅದೇ ದಾರದಲ್ಲಿ ಬಿಗಿಯಬೇಕು ಎನ್ನಿಸಿತು. ಕೆಸರಾದ ಹೊದಿಕೆಯನ್ನು ಕೈಗೆ ಕೊಟ್ಟು, ಒಬ್ಬರೇ ಒಗೆಯಿರಿ ಎಂದೆ.

ಮೇಸ್ತ್ರಿ ಮತ್ತೊಂದು ಹೊಸ ಸೆನ್ಸರ್ ತಂದು, ವೈರನ್ನು ಅದರ ಕೊಕ್ಕೆಗಳಲ್ಲೇ ಕೂರಿಸಿದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಲ್ಲಿಯ ಇಳಿಜಾರಿನಲ್ಲಿ ಬ್ರೇಕ್ ಅದುಮಿ ತೋರಿಸಿದ. ಎಬಿಎಸ್ ಕೆಲಸ ಮಾಡುವ ಗುರುತಾಗಿ ಪೆಡಲ್ ಗಡಗಡ ನಡುಗಿತು, ಗಾಡಿ ಅತ್ತಿತ್ತ ಜಾರದೆ ನೆಟ್ಟಗೆ ನಿಂತಿತು. ಆದರೂ ನಂಬಿಕೆ ಸಾಲದು. ಗೇಟಿನ ಒಳಗೂ ಹೊರಗೂ ತಿರುಗಿಸಿ ತಿರುಗಿಸಿ ನೋಡಿ, ಇನ್ನೂ ಕೆಲವು ದಿನ ಕಾದೆ. ದೀಪ ಬರಲಿಲ್ಲ.

ಆಮೇಲೆ ಊಟದ ಮೇಜು ಒರೆಸಿ ಕಾಗದ ಬರೆಯಲು ಕೂತೆ. "ಗಾಡಿ ನಿನ್ನದೇ. ತಡವಾದದ್ದಕ್ಕೆ ಬೈಯುವುದಿದ್ದರೆ ಬಂದೇ ಬೈಯಿ. ಮುಂದಿನ ಚಕ್ರದ ಹಿಂದೆ ಒಂದು ವೈರು ಸಡಿಲವಾಗಿ ಕಾಣುತ್ತದೆ, ಅದು ಹಾಗೇ ಇರಬೇಕು. ಯಾರಿಗೂ ಮುಟ್ಟಗೊಡಬೇಡ, ನಿನ್ನ ಭಾವನನ್ನಂತೂ ಹತ್ತಿರಕ್ಕೇ ಬಿಡಬೇಡ."

ಹಿಂದಿನಿಂದ ಓದುತ್ತಿದ್ದ ಅವರು, "ಕೊನೇ ಸಾಲು ಬೇಕಿತ್ತಾ?" ಎಂದರು.

"ಬೇಕಿತ್ತು."

ಸ್ಟಾಂಪು ಸರಿಯಾಗಿ ಅಂಟಿದೆಯೋ ನೋಡುತ್ತೇನೆ ಕೊಡು ಎಂದು ಕೈ ಚಾಚಿದರು. ಕೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿ ತುದಿಗೆ ನಾನೇ ನಡೆದು ಹೋಗಿ, ಅಂಚೆ ಡಬ್ಬಿಯ ಬಾಯೊಳಗೆ ಮೊಣಕೈವರೆಗೂ ಕೈ ತೂರಿಸಿ ಕಾಗದ ಬಿಟ್ಟೆ.