ನೆನೆಸದ ಬಟ್ಟೆಗೆ ಕತ್ತರಿ

ನಮ್ಮ ಬೀದಿಯ ಟೈಲರಕ್ಕನ ಅಂಗಡಿಗೆ ಬಟ್ಟೆ ತರುವವರಿಗೆಲ್ಲ ಒಂದೇ ಕಾಯಿಲೆ. "ನಾಳೆಗೇ ಬೇಕು!" ಅಕ್ಕನ ಉತ್ತರವೂ ಒಂದೇ. "ನೆನೆಸಿಡ್ತೀನಿ, ಆಮೇಲೆ ಮಾತಾಡೋಣ." ಹತ್ತಿ ಬಟ್ಟೆಯನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡದೆ ಅವಳು ಕತ್ತರಿ ಮುಟ್ಟುವವಳಲ್ಲ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಅಪ್ಪನ ಅಂಗಿ ಮಗನಿಗೆ ಸರಿಹೋಗುತ್ತದೆ. ಮದುವೆಗೆಂದು ಕೊಟ್ಟ ಬಟ್ಟೆ ಮೊದಲ ಮಗುವಿನ ಹೊತ್ತಿಗೆ ಸಿಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಹಾಗಂತ ಬೇರೆ ಟೈಲರ್ ಹತ್ತಿರ ಹೋಗುವುದೂ ಇಲ್ಲ.

ನಾನು ಅದೇ ಅಂಗಡಿಯಲ್ಲಿ ಗುಂಡಿ ಹಾಕುವವಳು. ಬಾಯಿ ಸ್ವಲ್ಪ ಜೋರು, ಕೆಲಸ ಚೊಕ್ಕ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಅಕ್ಕನ ಅತ್ತೆ ಕೂರುತ್ತಿದ್ದರು. ನಾವೆಲ್ಲ ಅವರನ್ನು ಅಜ್ಜಿ ಅನ್ನುತ್ತೇವೆ. ಅಕ್ಕನಿಗೆ ಹೊಲಿಗೆ ಕಲಿಸಿದ್ದು, ನೆನೆಸುವ ಪಾಠ ಹೇಳಿದ್ದು ಅವರೇ. ಆದರೆ ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಯ ಕಣ್ಣು ಹಾಗಿರಲಿ, ಎದುರಿಗೆ ಬಂದವರ ಮುಖವೂ ಅವರಿಗೆ ಮಸುಕು. ಬೆರಳಿನಲ್ಲೇ ತಡವಿ ತಡವಿ ದಾರದ ತುಂಡು ಕೀಳುತ್ತಾ ಕೂರುತ್ತಿದ್ದರು. ಆಪರೇಷನ್ನಿಗೆ ಅಕ್ಕ ಎರಡು ವರ್ಷದಿಂದ ಬ್ಯಾಂಕಿನಲ್ಲಿ ಹಣ ಕೂಡಿಟ್ಟಿದ್ದಳು. ಡಾಕ್ಟರು ಮುಂದಿನ ವಾರಕ್ಕೆ ದಿನವನ್ನೂ ಕೊಟ್ಟಿದ್ದರು.

ಆ ಮಧ್ಯಾಹ್ನ ಫೋನ್ ಬಂತು. ಅಕ್ಕನ ಎರಡೂ ಕೈ ಯಾವಾಗಲೂ ಬಟ್ಟೆಯ ಮೇಲೆ, ಹಾಗಾಗಿ ಫೋನ್ ಯಾವಾಗಲೂ ಸ್ಪೀಕರಿನಲ್ಲೇ.

"ಮೇಡಂ, ದೊಡ್ಡಾಸ್ಪತ್ರೆ ಮ್ಯಾನೇಜರ್ ಮಾತಾಡ್ತಿರೋದು. ನಮಗೆ ಇನ್ನೂರು ಏಪ್ರನ್ ಬೇಕು. ನಿಮ್ಮ ಕೆಲಸ ಚೆನ್ನಾಗಿದೆ ಅಂತ ಕೇಳಿದೀನಿ."

ಅಕ್ಕನ ಮುಖ ಅರಳಿತು. ಆಸ್ಪತ್ರೆ ಅಂದದ್ದೇ ತಡ, ಅತ್ತೆಯ ಕಣ್ಣಿನ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟಳು. "ಅಯ್ಯೋ, ನಮ್ಮಲ್ಲಿಗೇ ಕರ್ಕೊಂಡು ಬನ್ನಿ ಮೇಡಂ, ರಿಯಾಯಿತಿ ಮಾಡಿಸ್ತೀನಿ. ನಿಮ್ಮ ಅತ್ತೆ ಅಂದ್ರೆ ನಮ್ಮ ತಾಯಿ ಇದ್ದ ಹಾಗೆ," ಎಂದ ಆ ಪುಣ್ಯಾತ್ಮ.

"ಆದ್ರೆ ಸಾರ್, ಮುಂಗಡ ಇಲ್ದೆ ನಾನು ಕತ್ತರಿ ಹಿಡಿಯಲ್ಲ," ಎಂದಳು ಅಕ್ಕ, ರೇಟು ಹೇಳಿದ ಮೇಲೆ. ಮುಂಗಡ ಕೇಳಿದರೆ ಮೋಸವಿಲ್ಲ ಎಂಬುದು ಅವಳ ನಂಬಿಕೆ. ಕಳ್ಳ ಆ ನಂಬಿಕೆಯ ಬಾಗಿಲಿನಿಂದಲೇ ಒಳಗೆ ಬಂದ.

"ಅರ್ಧ ಹಣ ಈಗಲೇ ತಗೊಳ್ಳಿ. ಒಂದು ಕೋಡ್ ಕಳಿಸಿದೀನಿ ನೋಡಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರೆ ನಿಮ್ಮ ಖಾತೆಗೆ ಬಂದು ಬೀಳುತ್ತೆ. ಬೇಗ ಮೇಡಂ, ಇನ್ನೈದು ನಿಮಿಷಕ್ಕೆ ಕೌಂಟರ್ ಮುಚ್ತಾರೆ. ಆಮೇಲೆ ಆರ್ಡರ್ ಬೇರೆಯವರಿಗೆ ಹೋಗುತ್ತೆ."

ಕೋಡ್ ಬಂದದ್ದು ಅಕ್ಕನ ಫೋನಿಗೆ. ಅದನ್ನು ಅಂಗಡಿಯ ಹಣ ಕಟ್ಟಲೆಂದೇ ಇಟ್ಟಿದ್ದ ಅವಳ ಗಂಡನ ಹಳೆಯ ಫೋನಿಗೆ ತೋರಿಸಲು ನಾನೇ ಹಿಡಿದುಕೊಂಡೆ. ಹೌದು, ನಾನೇ! ಬೆಪ್ಪುತಕ್ಕಡಿಯ ಹಾಗೆ. ಅಕ್ಕ ಪಿನ್ ಒತ್ತಿದಳು.

ಟಿಂಗ್ ಎಂದಿತು. ಹಣ ಬಂದಿರಲಿಲ್ಲ, ಹೋಗಿತ್ತು. ಅಜ್ಜಿಯ ಕಣ್ಣಿಗೆಂದು ಕೂಡಿಟ್ಟದ್ದರಲ್ಲಿ ಅರ್ಧ ಹೋಗಿತ್ತು.

"ಸಾರ್, ನಮ್ಮ ದುಡ್ಡೇ ಕಟ್ಟಾಯ್ತಲ್ಲ!"

"ಓಹೋ, ಉಲ್ಟಾ ಆಯ್ತು ಮೇಡಂ, ಗಾಬರಿ ಬೇಡ. ಇನ್ನೊಂದು ಕೋಡ್ ಕಳಿಸ್ತೀನಿ. ಅದನ್ನೂ ಸ್ಕ್ಯಾನ್ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ. ಬೇಗ, ಬೇಗ!"

ಅಕ್ಕ ಮತ್ತೆ ಆ ಹಳೆಯ ಫೋನ್ ಎತ್ತಿದಳು. ಕಳೆದದ್ದನ್ನು ಹಿಡಿಯುವ ಆಸೆ ಅಂಥದ್ದು. ಆಗ ಸ್ಟೂಲಿನಿಂದ ಅಜ್ಜಿಯ ದನಿ ಬಂತು.

"ಸೊಸೆ, ಏಪ್ರನ್ ಯಾವ ಬಟ್ಟೇಲಿ ಬೇಕಂತೆ?"

"ಕೇಳ್ಲಿಲ್ಲ ಅತ್ತೆ."

"ಅಳತೆ?"

"ಹೇಳ್ಲಿಲ್ಲ."

"ಚೌಕಾಸಿ ಮಾಡಿದ್ನಾ?"

"ಇಲ್ಲ... ನಾನು ಹೇಳಿದ ರೇಟಿಗೇ ಹೂಂ ಅಂದ."

"ಇನ್ನೂರು ಏಪ್ರನ್ನಿಗೆ ಚೌಕಾಸಿ ಮಾಡದ ಗಿರಾಕೀನ ನಾನು ಈ ಜನ್ಮದಲ್ಲಿ ನೋಡಿಲ್ಲ ಕಣೇ! ಇದು ನೆನೆಸದ ಬಟ್ಟೆ. ಕತ್ತರಿ ಕೆಳಗಿಡು. ನಾಳೆ ಮಾಡ್ತೀನಿ ಅನ್ನು, ನೋಡೋಣ."

ಅಕ್ಕ ಹಾಗೇ ಹೇಳಿದಳು. "ಸಾರ್, ನಾಳೆ ಮಾಡ್ತೀನಿ."

ಅಷ್ಟೇ ನೋಡಿ! ತಾಯಿ ಇದ್ದ ಹಾಗೆ ಅಂದ ಬಾಯಿಂದ ಬೆಂಕಿ ಉದುರಿತು. "ತಮಾಷೆ ಮಾಡ್ತೀರಾ? ಕೇಸ್ ಹಾಕ್ತೀನಿ! ನಿಮ್ಮ ಖಾತೆ ಬಂದ್ ಮಾಡಿಸ್ತೀನಿ!" ನನಗೆ ಮೈಯೆಲ್ಲ ಉರಿಯಿತು. ಫೋನ್ ಕಿತ್ತುಕೊಂಡು ಕಟ್ ಮಾಡಿದೆ. ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದೆ.

ಜೆರಾಕ್ಸಮ್ಮನ ಅಂಗಡಿಯಲ್ಲಿ ದಿನವಿಡೀ ಜನ ಕೋಡ್ ಸ್ಕ್ಯಾನ್ ಮಾಡಿಯೇ ಹಣ ಕೊಡುತ್ತಾರೆ. ವಿಷಯ ಕೇಳಿ ಅವರು ಹಣೆ ಚಚ್ಚಿಕೊಂಡರು.

"ನನ್ನ ಅಂಗಡಿಗೆ ಇಷ್ಟು ಜನ ದುಡ್ಡು ಹಾಕ್ತಾರಲ್ಲ, ನಾನು ಯಾವತ್ತಾದ್ರೂ ಪಿನ್ ಒತ್ತಿದ್ದು ನೋಡಿದೀರಾ? ಕೊಡೋರು ಸ್ಕ್ಯಾನ್ ಮಾಡ್ತಾರೆ, ಕೊಡೋರು ಪಿನ್ ಒತ್ತುತಾರೆ. ತಗೊಳ್ಳೋರು ಸುಮ್ನೆ ಕೂತ್ರೆ ಸಾಕು. ದುಡ್ಡು ಬರೋಕೆ ಪಿನ್ ಬೇಕು ಅಂತ ಯಾರಾದ್ರೂ ಅಂದ್ರೆ, ಅವನು ಕಳ್ಳ. ಅಲ್ಲಿಗೆ ಮುಗೀತು. ನಡೀರಿ, ಈಗಲೇ ಬ್ಯಾಂಕಿಗೆ ಫೋನ್ ಮಾಡೋಣ."

ನಾವಿಬ್ಬರೂ ಅಂಗಡಿಗೆ ಬಂದಾಗ ಅಕ್ಕ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. "ಬೇಡ, ಯಾರಿಗೂ ಹೇಳೋದು ಬೇಡ. ಹೋದ ದುಡ್ಡು ಬಂದದ್ದುಂಟಾ? ಇಷ್ಟು ವರ್ಷ ಅಂಗಡಿ ನಡೆಸಿದೋಳು ಮೋಸ ಹೋದ್ಲು ಅಂತ ಊರೆಲ್ಲ ನಗುತ್ತೆ. ನಮ್ಮ ಮನೆಯವರ ಮುಂದೆ ಹೇಗೆ ತಲೆ ಎತ್ತಲಿ? ಅತ್ತೆ ಕಣ್ಣಿನ ದುಡ್ಡು ಅದು..."

ಜೆರಾಕ್ಸಮ್ಮ ಕರಗಲಿಲ್ಲ. "ಕದ್ದೋನು ಆರಾಮಾಗಿದಾನೆ, ಕಳ್ಕೊಂಡೋಳು ತಲೆ ತಗ್ಗಿಸಬೇಕಾ? ಇದು ಯಾವ ನ್ಯಾಯ? ಕಾಲ ಕಳೆದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತೆ. ಏಳು!"

"ಅತ್ತೆ ಆತುರ ಬೇಡ ಅಂತಾರೆ, ನೀವು ಆತುರ ಮಾಡ್ತೀರಿ," ಎಂದಳು ಅಕ್ಕ ಮೂಗು ಒರೆಸಿಕೊಳ್ಳುತ್ತಾ.

"ದುಡ್ಡು ಕೊಡೋಕೆ ಆತುರ ಬೇಡ ತಾಯಿ. ದೂರು ಕೊಡೋಕೆ ತಡ ಬೇಡ!"

ಆಗ ಅಜ್ಜಿ ತಡವುತ್ತಾ ಬಂದು ಸೊಸೆಯ ತಲೆ ಮೇಲೆ ಕೈಯಿಟ್ಟರು. "ಕಣ್ಣು ನಂದು, ಬೈಯೋದಿದ್ರೆ ನಾನು ಬೈಬೇಕು. ನಾನು ಬೈತಿಲ್ಲ. ಫೋನ್ ಮಾಡು."

ಬ್ಯಾಂಕಿನ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಲು ಜೆರಾಕ್ಸಮ್ಮ ಬಿಡಲಿಲ್ಲ. ಅಲ್ಲೂ ಕಳ್ಳರು ತಮ್ಮ ನಂಬರನ್ನು ಬ್ಯಾಂಕಿನದೆಂದು ಹಾಕಿರುತ್ತಾರಂತೆ. ಅಕ್ಕನ ಬ್ಯಾಂಕ್ ಕಾರ್ಡಿನ ಹಿಂಬದಿಯಲ್ಲಿದ್ದ ನಂಬರಿಗೇ ಫೋನ್ ಮಾಡಿಸಿದರು. ಇನ್ನೊಂದು ಕಾಸೂ ಹೋಗದ ಹಾಗೆ ಅಕ್ಕನ ಖಾತೆಗೆ ತಡೆ ಬಿತ್ತು. ಆಮೇಲೆ ಆನ್‌ಲೈನ್ ಮೋಸದ ದೂರು ತೆಗೆದುಕೊಳ್ಳುವ ಸರ್ಕಾರಿ ಸಹಾಯವಾಣಿಗೂ ಫೋನ್ ಹೋಯಿತು. ಆ ಕಡೆಯವರು ನಗಲಿಲ್ಲ, ಬೈಯಲಿಲ್ಲ. "ಬೇಗ ತಿಳಿಸಿದ್ದು ಒಳ್ಳೇದಾಯ್ತು," ಅಂದರು. ಸಂಜೆ ಗಂಡನಿಗೂ ಅಕ್ಕ ತಾನೇ ಹೇಳಿದಳು. ಅವರು ಅವಳ ಮುಂದೆ ತಟ್ಟೆಯಿಟ್ಟು, "ಉಳಿದರ್ಧ ಇದೆಯಲ್ಲ, ಊಟ ಮಾಡು," ಅಂದರಂತೆ.

ಆಪರೇಷನ್ ಮುಂದಕ್ಕೆ ಹೋಯಿತು. ಅಕ್ಕ ಎಷ್ಟೋ ಸಲ "ಬರಲ್ಲ ಬಿಡು" ಎಂದು ಕೈಚೆಲ್ಲಿದಳು. ಆದರೆ ದೂರು ಬೇಗ ಹೋದದ್ದರಿಂದ ಕಳ್ಳನ ಖಾತೆಗೂ ತಡೆ ಬಿದ್ದು, ಹಣ ಅಲ್ಲೇ ಸಿಕ್ಕಿಕೊಂಡಿತ್ತು. ಸ್ವಲ್ಪ ಅವನ ಪಾಲಾಯಿತು ನಿಜ, ಹೆಚ್ಚಿನದು ಅಕ್ಕನ ಖಾತೆಗೆ ಮರಳಿತು. ಎಲ್ಲರಿಗೂ ಹೀಗೆ ಮರಳುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಅಕ್ಕ ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಒಂದು ಕಾಸೂ ಬರುತ್ತಿರಲಿಲ್ಲ.

ಕೊನೆಗೂ ಆಪರೇಷನ್ ಆಗಿ, ಕಣ್ಣಿನ ಪಟ್ಟಿ ಬಿಚ್ಚಿ, ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲಿದ್ದು, ಅಜ್ಜಿ ಅಂಗಡಿಗೆ ಬಂದರು. ಬಂದವರೇ ಒಂದು ಅಂಗಿ ಎತ್ತಿ ಬೆಳಕಿಗೆ ಹಿಡಿದರು. "ಏನೇ ಇದು ಕಾಲರ್? ನನಗೆ ಕಣ್ಣು ಕಾಣ್ಸಲ್ಲ ಅಂತ ಇಷ್ಟು ದಿನ ಹೀಗೆಲ್ಲ ಹೊಲೀತಿದ್ಯಾ?" ನಾವು ಬಿದ್ದು ಬಿದ್ದು ನಕ್ಕೆವು. ಅಕ್ಕ ಮಾತ್ರ ನಗುತ್ತಲೇ ಅಳುತ್ತಿದ್ದಳು.

ಅಷ್ಟರಲ್ಲಿ ಫೋನ್. ಸ್ಪೀಕರಿನಲ್ಲಿ ಗಟ್ಟಿ ದನಿ. "ನಿಮ್ಮ ಹೆಸರಿಗೆ ಬಂದ ಪಾರ್ಸೆಲ್ಲಿನಲ್ಲಿ ಕಳ್ಳಮಾಲು ಸಿಕ್ಕಿದೆ. ಈಗಲೇ ದಂಡ ಕಟ್ಟಿ, ಇಲ್ಲಾಂದ್ರೆ ಅರೆಸ್ಟ್! ಯಾರಿಗೂ ಹೇಳಬಾರದು!"

ಅಕ್ಕ ಕತ್ತರಿ ಕೆಳಗಿಟ್ಟಳು. "ಸಾರ್, ನಿಮ್ಮ ಮಾತನ್ನ ನೆನೆಸಿಟ್ಟಿದೀನಿ. ನಾಳೆ ಮಾತಾಡೋಣ. ಅಷ್ಟರಲ್ಲಿ ಪೊಲೀಸ್ ಠಾಣೆಗೂ ಒಂದು ಮಾತು ಹೇಳಿರ್ತೀನಿ." ಆ ಕಡೆ ಫೋನ್ ಕಟ್ಟಾಯಿತು. ಅಜ್ಜಿ ತಲೆ ಎತ್ತಲೂ ಇಲ್ಲ. ಕಿಟಕಿಯ ಕಡೆ ತಿರುಗಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದರು.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೂ ಇಂಥ ಫೋನ್ ಬರುತ್ತದೆ. ಒಬ್ಬ ಬಹುಮಾನ ಎನ್ನುತ್ತಾನೆ, ಇನ್ನೊಬ್ಬ ನಿಮ್ಮ ಮಗನಿಗೆ ಅಪಘಾತ ಎನ್ನುತ್ತಾನೆ, ಮತ್ತೊಬ್ಬ ಬ್ಯಾಂಕಿನಿಂದ ಎಂದು ಹೇಳಿ ಫೋನಿಗೆ ಬಂದ ಒಟಿಪಿ ಕೇಳುತ್ತಾನೆ. ವೇಷ ಬೇರೆ ಬೇರೆ, ಅವಸರ ಮಾತ್ರ ಒಂದೇ. ಪಿನ್ ಆಗಲಿ, ಒಟಿಪಿ ಆಗಲಿ ಯಾರಿಗೂ ಹೇಳಬೇಡಿ. ಮಗನ ಮಾತೆತ್ತಿದರೆ ಫೋನ್ ಇಟ್ಟು ಮಗನಿಗೇ ಫೋನ್ ಮಾಡಿ. ಮನೆಯವರನ್ನು ಕೇಳಿ, ಎದುರಂಗಡಿಯವರನ್ನು ಕೇಳಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಳ್ಳದೆ ಆ ಕ್ಷಣವೇ ಬ್ಯಾಂಕಿಗೆ, ಸಹಾಯವಾಣಿಗೆ ತಿಳಿಸಿ. ನಿಜವಾದ ಮಾತು ಒಂದು ರಾತ್ರಿ ನೀರಿನಲ್ಲಿದ್ದರೂ ಗಿಡ್ಡವಾಗುವುದಿಲ್ಲ. ಯಾರಾದರೂ "ಈಗಲೇ" ಅಂದರೆ ನೀವು "ನಾಳೆ" ಅನ್ನಿ.