ಅಡಿಹಾಳೆ

ಕುಲ್ಸುಂ ಕಳ್ಳಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಮುಂದೆ ಓದುತ್ತ ನಿಮಗೆ ಹಾಗನ್ನಿಸಿದರೆ ನನ್ನನ್ನು ದೂರಬೇಡಿ. ಸಕಲೇಶಪುರದ ಅವಳ ಕಸೂತಿ ಅಂಗಡಿಯಲ್ಲಿ ಜನ ಕೊಡೆ ಮರೆತಿದ್ದಾರೆ, ಬಳೆ ಮರೆತಿದ್ದಾರೆ, ಮದುಮಗಳೊಬ್ಬಳು ಬಂಗಾರದ ಸರವನ್ನೇ ಬಿಟ್ಟು ಹೋಗಿದ್ದಳು. ಎಲ್ಲವೂ ಇಟ್ಟಲ್ಲೇ ಸಿಕ್ಕಿವೆ. ಅಂಥ ಹೆಂಗಸು ಒಂದು ಹಾಳೆಯ ಮುಂದೆ ಜಾರಿದಳು.

ಆರಿ ಕಸೂತಿಯಲ್ಲಿ ಚಿತ್ರವನ್ನು ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಆ ತೂತಿನ ಹಾಳೆಗೆ ಖಾಕಾ ಎನ್ನುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಸವರಿದರೆ ಚಿತ್ರ ಚುಕ್ಕಿಚುಕ್ಕಿಯಾಗಿ ಕೆಳಗಿಳಿಯುತ್ತದೆ. ಚುಚ್ಚುವಾಗ ಸೂಜಿ ಸಲೀಸಾಗಿ ಇಳಿಯಲೆಂದು ಅಡಿಯಲ್ಲಿ ಇನ್ನೊಂದು ಹಾಳೆ ಇಡುವುದು ರೂಢಿ. ಮೇಲಿನ ಚಿತ್ರ ಅದರಲ್ಲೂ ಮೂಡಿಬಿಡುತ್ತದೆ. ಬೇರೆಯವರ ಚಿತ್ರವಾದರೆ ಆ ಅಡಿಹಾಳೆಯನ್ನು ಅವರ ಕಣ್ಣೆದುರೇ ಹರಿದು ಹಾಕಬೇಕು. ಕುಲ್ಸುಮಳ ಅತ್ತೆ ಅವಳ ಕೈಗೆ ಸೂಜಿ ಕೊಡುವ ಮೊದಲು ಕಲಿಸಿದ ಪಾಠ ಇದೇ.

ಕುಂದೂರಿನ ಮೀನಾಕ್ಷಮ್ಮ ಒಂದು ಚಿತ್ರ ಚುಚ್ಚಿಸಿಕೊಳ್ಳಲು ಬಂದಳು. ಮನೆಗೆ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸಿನ ತೋಟ; ಆಲೂರಿನ ಹೊಲಿಗೆ ತರಬೇತಿ ಕೇಂದ್ರವೊಂದರಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಹೇಳಿಕೊಡುವ ಕೆಲಸ. ಊರಲ್ಲಿ ಅವಳು ಯಾರದೋ ಹೆಂಡತಿ, ಯಾರದೋ ಸೊಸೆ. ಆಲೂರಿನಲ್ಲಿ ಬಸ್ಸಿಳಿದರೆ ಟೀಚರಮ್ಮ. ಅದಕ್ಕಾಗಿ ಅವಳು ಜ್ವರದಲ್ಲೂ ಬಸ್ಸು ಹತ್ತುತ್ತಿದ್ದಳು.

ಅವಳು ತಂದದ್ದು ರಾಜ್ಯ ಲಾಂಛನದ ಗಂಡಭೇರುಂಡ. ಕೇಂದ್ರದ ಗೋಡೆಗೆ ಚೌಕಟ್ಟು ಹಾಕಿಸಲು ಬರೆದಿದ್ದಳು. ಆ ಹಕ್ಕಿಯನ್ನು ಹೊಲಿಯುವುದು ಎಂಥ ತಲೆನೋವು ಎಂದು ಕುಲ್ಸುಮಳಿಗೆ ಗೊತ್ತಿತ್ತು. ಗರಿಗೊಮ್ಮೆ ದಾರ ಕಡಿಯಬೇಕು, ಹಿಂಬದಿಯೆಲ್ಲ ಗಂಟು. ಮೀನಾಕ್ಷಮ್ಮ ಗರಿಗಳನ್ನು ಒಂದಕ್ಕೊಂದು ಕೂಡಿಸಿದ್ದ ರೀತಿಯಲ್ಲಿ, ಒಂದು ಕೊಕ್ಕಿನಿಂದ ಹೊರಟ ದಾರ ಎದೆಯೆಲ್ಲ ಸುತ್ತಿ ಇನ್ನೊಂದು ಕೊಕ್ಕಿಗೆ ಕಡಿಯದೆ ತಲುಪುತ್ತಿತ್ತು. ಕುಲ್ಸುಂ ಆ ಗೆರೆಯ ಮೇಲೆ ಬೆರಳಾಡಿಸಿದಳು. ಇಷ್ಟು ವರ್ಷ ಸೂಜಿ ಹಿಡಿದ ತನಗೆ ಇದು ಹೊಳೆಯಲಿಲ್ಲವಲ್ಲ!

ಚುಚ್ಚಿ ಮುಗಿಸಿದಾಗ ಕುಂದೂರಿನ ಬಸ್ಸಿಗೆ ಹೊತ್ತಾಗಿತ್ತು. ಮೀನಾಕ್ಷಮ್ಮ ಖಾಕಾ ಸುತ್ತಿಕೊಂಡು ಓಡಿದಳು. ಅಡಿಹಾಳೆಯನ್ನು ಅವಳು ಕೇಳಲಿಲ್ಲ, ಕುಲ್ಸುಂ ಹರಿಯಲಿಲ್ಲ.

ನವೆಂಬರ್ ಬಂತು. ರಾಜ್ಯೋತ್ಸವದ ಸನ್ಮಾನಕ್ಕೆ ಒಂದು ಸಂಘದವರು ಕಸೂತಿಯ ಶಾಲು ಕೇಳಿದರು. ಕುಲ್ಸುಂ ಅಡಿಹಾಳೆ ಬಿಡಿಸಿ ನೀಲಿ ಸವರಿದಳು. ಶಾಲು ನೋಡಿದವರು ಕೆ. ಹೊಸಕೋಟೆಯಿಂದ, ವನಗೂರಿನ ಕಡೆಯಿಂದ ಹುಡುಕಿಕೊಂಡು ಬಂದರು. ಗಂಡ ನಸ್ರುಲ್ಲಾ ತನ್ನ ಜೀಪಿನಲ್ಲೇ ಶಾಲಿನ ಕಟ್ಟುಗಳನ್ನು ಸಾಗಿಸಿದ. ಮೀನಾಕ್ಷಮ್ಮನನ್ನು ಒಂದು ಮಾತು ಕೇಳಿದೆಯಾ ಎಂದು ಅವನು ವಿಚಾರಿಸಿದಾಗ ಅವಳು ಸಿಡುಕಿದಳು.

"ಹಕ್ಕಿ ಸರ್ಕಾರದ್ದು. ಅದೇನು ಮೀನಾಕ್ಷಮ್ಮ ಮೊಟ್ಟೆ ಇಟ್ಟು ಮರಿ ಮಾಡಿದ್ಲಾ?"

ನಸ್ರುಲ್ಲಾ ನಕ್ಕ. ಅವಳಿಗೆ ನಗು ಬರಲಿಲ್ಲ. ಹಕ್ಕಿ ಸರ್ಕಾರದ್ದೇ, ಸರಿ. ಆದರೆ ಆ ದಾರದ ದಾರಿ ಸರ್ಕಾರದ್ದಲ್ಲ ಎಂದು ಅವಳ ಬೆರಳಿಗೆ ಪ್ರತಿ ಹೊಲಿಗೆಯಲ್ಲೂ ಗೊತ್ತಾಗುತ್ತಿತ್ತು. ಪತ್ರಿಕೆಯವನೊಬ್ಬ ಫೋಟೋ ತೆಗೆದು, ವಿನ್ಯಾಸ ಯಾರದ್ದು ಎಂದ. "ನಂದೇ" ಎಂದಳು. ಎರಡಕ್ಷರ, ಅಷ್ಟೇ. ಅವತ್ತಿನಿಂದ ಆಲೂರಿನ ಕಡೆಯ ಗಿರಾಕಿ ಬಂದರೆ ಅವಳು ತಲೆಯೆತ್ತದೆ ಮಾತಾಡಿದಳು.

ತಿಂಗಳ ಕೊನೆಗೆ ಒಬ್ಬ ಅಧಿಕಾರಿ ಅಂಗಡಿಗೆ ಬಂದರು. ಶಾಲೊಂದನ್ನು ಮಡಿಚಿ ಮೇಜಿನ ಮೇಲಿಟ್ಟು, ಸರ್ಕಾರದ ಲಾಂಛನವನ್ನು ಅನುಮತಿ ಇಲ್ಲದೆ ಬಟ್ಟೆಗೆ ಹಾಕಿ ಮಾರುವಂತಿಲ್ಲ, ಕೇಸಾಗುತ್ತದೆ ಎಂದರು. ಕುಲ್ಸುಂ ಸೂಜಿ ಕೆಳಗಿಟ್ಟು ಎದ್ದು ನಿಂತಳು.

"ಪೇಪರಲ್ಲಿ ನೋಡಿದೆ. ಡಿಸೈನ್ ನಿಮ್ಮದೇ ಅಲ್ವಾ?"

"ನಂದಲ್ಲ ಸಾರ್!" ಎಂದಳು, ಎಷ್ಟು ಬೇಗ ಎಂದರೆ ತನ್ನ ದನಿಗೆ ತಾನೇ ಬೆಚ್ಚಿದಳು. "ಕುಂದೂರಿನ ಮೀನಾಕ್ಷಮ್ಮಂದು. ಆಲೂರಲ್ಲಿ ಟೀಚರ್. ಅವ್ರು ಬರ್ದಿದ್ದು, ನಾನು ಬರೀ ಹೊಲ್ದೋಳು."

ಹೊಗಳಿಕೆ ಬಂದಾಗ ಬಚ್ಚಿಟ್ಟ ಹೆಸರು ಬೈಗುಳ ಬಂದಾಗ ಪಟ್ಟನೆ ಹೊರಬಿತ್ತು. ಇನ್ನು ಮುಂದೆ ಹೊಲಿಯಬೇಡಿ ಎಂದು ಗದರಿಸಿ ಅಧಿಕಾರಿ ಹೊರಟರು. ಕುಲ್ಸುಂ ಬಚಾವಾದಳು. ವಾರ ಕಳೆಯುವಷ್ಟರಲ್ಲಿ ಸುದ್ದಿ ಬಂತು: ಸರ್ಕಾರದ ದುಡ್ಡಲ್ಲಿ ನಡೆಯುವ ಕೇಂದ್ರದ ಟೀಚರೇ ಹೀಗೆ ಮಾಡಿದರೆ ಹೇಗೆ ಎಂದು ಮೀನಾಕ್ಷಮ್ಮನನ್ನು ಕೆಲಸದಿಂದ ಬಿಡಿಸಿದ್ದಾರೆ.

ಕುಲ್ಸುಂ ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ ಕುಂದೂರಿಗೆ ಹೋದಳು. ಬೈಯಲಿ, ಕೂದಲು ಹಿಡಿದು ಎಳೆಯಲಿ, ಊರು ಸೇರಿಸಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು. ಮೀನಾಕ್ಷಮ್ಮ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದವಳು ಇವಳನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು.

"ಬಾ ಕಣೆ. ನೀನೇ ಬತ್ತೀಯ ಅಂತ ಗೊತ್ತಿತ್ತು."

ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಕುಲ್ಸುಂ ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿದಳು.

"ಪೇಪರ್‌ನಾಗೆ ನಿನ್ ಹೆಸ್ರು ನೋಡಿ ಹೊಟ್ಟೆಗೆ ಬೆಂಕಿ ಬಿದ್ದಂಗಾಗೋಯ್ತು. ನಿಂಗೆ ಶಾಪ ಹಾಕ್ಬುಟ್ಟಿದ್ದೆ, ಸುಳ್ಳು ಯಾಕ್ ಹೇಳ್ಲಿ. ಆಮೇಲೆ ಆಫೀಸರ್ ಬಂದು, ಇದನ್ನ ಬರ್ದೋಳು ನೀನೇ ಅಂತ ಸಕಲೇಶಪುರದ ಕುಲ್ಸುಂ ಹೇಳವ್ಳೆ, ಹೌದಾ ಅಂದ್ರು. ಇಲ್ಲ ಅಂದಿದ್ರೆ ಕೆಲ್ಸ ಉಳೀತಿತ್ತು. ಪೇಪರ್‌ನಾಗೆ ನಿನ್ ಹೆಸ್ರೇ ಐತಲ್ಲ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಕಣೆ. ಹೂಂ, ನಂದೇ ಅಂದ್ಬುಟ್ಟೆ."

ಅವಳ ಮುಖದಲ್ಲಿ ಕೆಲಸ ಕಳೆದುಕೊಂಡವಳ ಕಳೆ ಇರಲಿಲ್ಲ. ಅದನ್ನೇ ಕುಲ್ಸುಮಳಿಗೆ ತಡೆಯಲಾಗಲಿಲ್ಲ.

"ಕೆಲ್ಸ ಹೋದ್ರೆ ಹೋಗ್ಲಿ," ಎಂದಳು ಮೀನಾಕ್ಷಮ್ಮ. "ನಿಂಗೆ ಮನ್ಸು ತಡೀಲಿಲ್ಲ, ಕೊನೆಗೆ ನನ್ ಹೆಸ್ರು ಹೇಳ್ದೆ. ಇಂಥ ಕಾಲ್ದಾಗೆ ಯಾರ್ ಹೇಳ್ತಾರೆ? ರಾತ್ರಿ ಮಲಗ್ದಾಗ ಅದನ್ನೇ ನೆನೆಸ್ಕಂತೀನಿ."

ಸುಮ್ಮನಿರಬಹುದಿತ್ತು. ಕಾಫಿ ಮುಗಿಸಿ, ಹೌದಕ್ಕಾ ಎಂದು ಬಸ್ಸು ಹತ್ತಬಹುದಿತ್ತು. ಕುಲ್ಸುಂ ಲೋಟ ಕೆಳಗಿಟ್ಟಳು. ಒಳಗಿದ್ದುದೆಲ್ಲ ಒಮ್ಮೆಗೇ ಹೊರಬಂತು. ಹರಿಯದೆ ಇಟ್ಟುಕೊಂಡ ಹಾಳೆ, ಕೇಸಿನ ಭಯ, ಎಲ್ಲ.

"ಮನ್ಸು ತಡೀದೆ ಹೇಳಿದ್ದಲ್ಲಕ್ಕಾ. ನನ್ ಮೇಲೆ ಬರೋದನ್ನ ನಿಮ್ ಮೇಲೆ ಹಾಕೋಕೆ ಹೇಳಿದ್ದು."

ಹೇಳಿದ ಮೇಲೆ ಎದೆ ಹಗುರಾಯಿತು. ನಿಜಕ್ಕೂ ಹಗುರಾಯಿತು. ಎಷ್ಟೋ ದಿನದ ಮೇಲೆ ಅವಳು ಪೂರ್ತಿ ಉಸಿರೆಳೆದುಕೊಂಡಳು, ತಲೆಯೆತ್ತಿ ನೋಡಿದಳು.

ಮೀನಾಕ್ಷಮ್ಮ ಬೈಯಲಿಲ್ಲ. ಕುಲ್ಸುಂ ಕೆಳಗಿಟ್ಟ ಲೋಟ ಎತ್ತಿಕೊಂಡಳು. ಆಮೇಲೆ, ಏನನ್ನೋ ಕಳೆದುಕೊಂಡವಳ ಹಾಗೆ, ಮೆಲ್ಲಗೆ ಕೇಳಿದಳು.

"ಅದನ್ನ ಯಾಕ್ ಹೇಳ್ದೆ ಕುಲ್ಸುಂ? ಅಷ್ಟನ್ನಾದ್ರೂ ನಂಗೆ ಬುಟ್ಟಿರ್ಬೋದಿತ್ತಲ್ಲ."