ಹೊಸ ತಾರೀಕಿನ ಕೈಪಿಡಿ

ಕೈಪಿಡಿಯ ಮೇಲಿನ ತಾರೀಕು ಬದಲಿಸುವುದಕ್ಕೆ ಅರ್ಧ ನಿಮಿಷ ಸಾಕು. ನಾನು ಅಷ್ಟನ್ನೇ ಮಾಡಿದೆ. ನನ್ನ ಸೋಮಾರಿತನಕ್ಕೆ ಬೆಂಕಿ ಬೀಳ!

ನಾನು ಸ್ನೇಹಲ್, ಬಸವಕಲ್ಯಾಣದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಮಾತು ಬಿದ್ದುಹೋದವರಿಗಾಗಿ ಒಂದು ದೊಡ್ಡ ಒತ್ತುಗುಂಡಿ ಬರುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ನೀರು, ನೋವು, ಮಗ್ಗುಲು ಎಂದು ಚಿತ್ರಗಳು ಒಂದೊಂದಾಗಿ ಬೆಳಗುತ್ತವೆ; ಬೇಕಾದದ್ದು ಬಂದಾಗ ಕೆನ್ನೆಯಿಂದ ಗುಂಡಿ ಒತ್ತಿದರೆ ಲ್ಯಾಪ್‌ಟಾಪ್ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಆ ಗುಂಡಿಯನ್ನು ಲ್ಯಾಪ್‌ಟಾಪ್ ಗುರುತಿಸುವಂತೆ ಮಾಡುವ ಡ್ರೈವರ್ ಎಂಬ ತಂತ್ರಾಂಶ ನಾನು ಬರೆದದ್ದು. ಅದನ್ನು ಕೂರಿಸುವ ಕೈಪಿಡಿಯನ್ನೂ ಕನ್ನಡದಲ್ಲಿ ಬರೆದು ಇಂಟರ್ನೆಟ್ಟಿಗೆ ಹಾಕಿದ್ದೆ.

ಯುಗಾದಿಯ ಹೊತ್ತಿಗೆ ಆಪರೇಟಿಂಗ್ ಸಿಸ್ಟಮ್ ಹೊಸದಾಯಿತು. ಮುಂಚೆ ಡ್ರೈವರ್ ಚಾಲೂ ಮಾಡಿ ಆಮೇಲೆ ಗುಂಡಿಯನ್ನು ನೋಂದಾಯಿಸಬೇಕಿತ್ತು. ಈಗ ಉಲ್ಟಾ, ನೋಂದಣಿಯೇ ಮೊದಲು. ಡ್ರೈವರ್ ತಿದ್ದಿದೆ. ಕೈಪಿಡಿಯಲ್ಲಿ ತಾರೀಕು ಬದಲಿಸಿ, ‘ಹೊಸ ಸಿಸ್ಟಮ್ಮಿಗೂ ಸರಿ’ ಎಂದು ಸೇರಿಸಿದೆ. ಒಳಗಿನ ಸಾಲುಗಳನ್ನು ನಾಳೆ ನೋಡಿದರಾಯಿತು ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ನನ್ನ ಮನೆಯಲ್ಲ.

ಎರಡು ತಿಂಗಳ ಮೇಲೆ ಹುಮನಾಬಾದಿನಿಂದ ಕಾಶಿರಾಮ ಎಂಬವನು ಫೋನ್ ಮಾಡಿದ. ಮೊಬೈಲ್ ರಿಪೇರಿ ಅಂಗಡಿಯವನು. ಅವನ ತಂದೆ ಅಮೋಘಸಿದ್ದಪ್ಪ ಕುರಿ ಕಾಯ್ದು ಮಗನನ್ನು ಓದಿಸಿದವರು. ಲಕ್ವಾ ಹೊಡೆದ ಮೇಲೆ ವರ್ಷದಿಂದ ಆ ಗುಂಡಿಯಲ್ಲೇ ಮಾತಾಡುತ್ತಿದ್ದರಂತೆ.

"ಅಕ್ಕಾರ, ಹಳೀ ಲ್ಯಾಪ್‌ಟಾಪ್ ಕೆಟ್ಟಿತ್ರಿ. ಹೊಸಾದು ತಂದು, ನಿಮ್ಮ ಕೈಪಿಡಿ ನೋಡ್ಕೋತ ನಾಕ್ ದಿನ ಕುಂತೆ. ಗುಂಡಿ ಹತ್ತಲೇ ಇಲ್ಲ. ಅಪ್ಪ ಹೋಗಿ ಇವತ್ತಿಗಿ ಹದಿನೈದು ದಿನ ಆತ್ರಿ. ನಾ ಎಲ್ಲಿ ತಪ್ಪಿದೆ, ಅಷ್ಟ ಹೇಳ್ರಿ."

"ಆವಾಗ್ಲೇ ಯಾಕ ಫೋನ್ ಮಾಡ್ಲಿಲ್ಲ ತಮ್ಮಾ?"

"ತಾರೀಕು ಹೊಸಾದಿತ್ತಲ್ರಿ. ನೀವು ಬರೆದದ್ದು ತಪ್ಪಿರ್ತದೇನ್ರಿ? ನನ್ನ ಓದೇ ಕಮ್ಮಿ ಬಿತ್ತು ಅಂದ್ಕೊಂಡೆ."

ಮರುದಿನವೇ ಹುಮನಾಬಾದಿನ ಬಸ್ ಹತ್ತಿದೆ. ಕಾಶಿರಾಮ ಚಹಾ ತಂದಿಟ್ಟ, ಕುಡಿಯಲಾಗಲಿಲ್ಲ. ಅವನ ಹೊಸ ಲ್ಯಾಪ್‌ಟಾಪ್ ತೆಗೆದು, ಕೈಪಿಡಿಯ ಎರಡು ಸಾಲುಗಳನ್ನು ಅದಲುಬದಲು ಮಾಡಿ, ನೋಂದಣಿ ಮೊದಲು ಮುಗಿಸಿ ಗುಂಡಿ ಒತ್ತಿದೆ. ‘ನೋವು’ ಎಂದಿತು ಲ್ಯಾಪ್‌ಟಾಪ್. ಅವನು ಗೋಡೆಗೆ ಒರಗಿ ಕುಸಿದು ಕುಳಿತ.

"ಅಪ್ಪ ನನ್ನನ್ನೇ ನೋಡಾಕತ್ತಿದ್ರು. ನೀರ್ ಕೊಟ್ಟೆ, ಮಗ್ಗಲಾ ಹೊಳ್ಳಿಸಿದೆ. ಕಣ್ಣಾಗ ನೀರು ನಿಲ್ಲಲೇ ಇಲ್ಲ. ಕಡೀಕ ಅಂದೆ, ಅಪ್ಪಾ, ಸುಮ್ಮನ ಓದಿಸಿದಿ ನನ್ನ, ನಾಕ್ ಸಾಲು ಓದಾಕ ಬರಂಗಿಲ್ಲ ನನಗ. ಅದನ್ನ ಕೇಳ್ಕೊಂಡೇ ಹೋದ್ರು."

"ನಿನ್ನ ತಪ್ಪಲ್ಲೋ ತಮ್ಮಾ. ಬರೆದದ್ದೇ ತಪ್ಪಿತ್ತು. ನಾ ತಾರೀಕು ಅಷ್ಟೇ ಬದಲಿ ಮಾಡಿದ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾರ ನಾ ಓದಿದ್ದು ಸರಿ ಇತ್ತೇನ್ರಿ?"

"ಪೂರಾ ಸರಿ ಇತ್ತು."

ಅವನು ಲ್ಯಾಪ್‌ಟಾಪ್ ಮುಚ್ಚಿ ಕೇಳಿದ: "ಮತ್ತ ಇದನ್ನ ಅಪ್ಪಗ ಯಾರು ಹೇಳ್ಬೇಕ್ರಿ ಅಕ್ಕಾರ?"